ಯುದ್ಧ ಮುಗಿದ ಮೇಲೆ ಬಂದ ನೀರು: ಸ್ಯಾನ್ ಡಿಯಾಗೊ, 1940–1954

ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ವಿಮಾನಗಳಲ್ಲಿ ಕ್ಯಾಟಲಿನಾ ಒಂದು. ಅದನ್ನು ತಯಾರಿಸುತ್ತಿದ್ದ ಕನ್ಸಾಲಿಡೇಟೆಡ್ ಕಂಪನಿ 1935ರಲ್ಲೇ ಬಫಲೋ ತೊರೆದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ನೆಲೆಯೂರಿತ್ತು. ವಿಮಾನ ಕಾರ್ಖಾನೆ, ನೌಕಾನೆಲೆ ಎರಡೂ ಯುದ್ಧದಲ್ಲಿ ಹಿಗ್ಗಿದವು. 1940ರಲ್ಲಿ 2,03,341 ಇದ್ದ ಊರಿನ ಜನಸಂಖ್ಯೆ 1950ಕ್ಕೆ 3,34,387 ಆಯಿತು. ಲಿಂಡಾ ವಿಸ್ಟಾ ದಿಬ್ಬದಲ್ಲಿ ಕಾರ್ಮಿಕರಿಗಾಗಿ ಸರ್ಕಾರ ಕಟ್ಟಿಸಿದ ಮನೆಗಳೇ ಸುಮಾರು 3,000.

ಇಷ್ಟು ಜನಕ್ಕೆ ನೀರೆಲ್ಲಿಂದ? ವರ್ಷಕ್ಕೆ ಹತ್ತು ಅಂಗುಲದ ಆಸುಪಾಸಿನ ಮಳೆ, ಅದೂ ನೆಚ್ಚಿಕೆಯಿಲ್ಲದ್ದು. 1915ರ ಕೊನೆಯಲ್ಲಿ ಮೊರೇನಾ ಜಲಾಶಯ ತುಂಬಿಸಲು ಹ್ಯಾಟ್‌ಫೀಲ್ಡ್ ಎಂಬ ‘ಮಳೆ ತರಿಸುವವ’ನಿಗೆ 10,000 ಡಾಲರ್ ಕೊಡಲು ನಗರಸಭೆ ಒಪ್ಪಿದ್ದುಂಟು. ಮರುತಿಂಗಳು ಸುರಿದ ಮಳೆಗೆ ಲೋಯರ್ ಒಟಾಯ್ ಅಣೆಕಟ್ಟೆಯೇ ಒಡೆಯಿತು. ಬರ, ಇಲ್ಲವೇ ನೆರೆ: ಊರು ಬಲ್ಲದ್ದು ಇವೆರಡನ್ನೇ.

ಹೀಗಾಗಿ ಯುದ್ಧಕಾಲವನ್ನು ದಾಟಿಸಿದ್ದು ಕೂಡಿಟ್ಟ ಮಳೆನೀರು. 1930ರ ದಶಕದ ನಡುವೆ ಮುಗಿದಿದ್ದ ಎಲ್ ಕ್ಯಾಪಿಟಾನ್ ಜಲಾಶಯದ ಜೊತೆಗೆ 1943ರಲ್ಲಿ ಸ್ಯಾನ್ ವಿಸೆಂಟೆ ಅಣೆಕಟ್ಟೆ ಸಿದ್ಧವಾಯಿತು. ಕೊಲರಾಡೊ ನದಿಯಲ್ಲಿ ವರ್ಷಕ್ಕೆ 1,12,000 ಎಕರೆ-ಅಡಿ ನೀರಿನ ಹಕ್ಕು ಊರಿಗೆ ಮೊದಲೇ ಇತ್ತು. ತರುವ ಕಾಲುವೆ ಮಾತ್ರ ಇರಲಿಲ್ಲ. ಇಂಪೀರಿಯಲ್ ಕಣಿವೆಯ ಕಾಲುವೆಯಿಂದ ಬೆಟ್ಟ ಹತ್ತಿಸಿ ತರುವುದೋ, ಲಾಸ್ ಏಂಜಲಿಸ್ ಕಡೆಗೆ ಹರಿಯುತ್ತಿದ್ದ ಮೇಲ್ಗಾಲುವೆಗೆ ಕೊಳವೆ ಜೋಡಿಸುವುದೋ ಎಂಬ ಚರ್ಚೆ ನಡೆದೇ ಇತ್ತು.

ಅದನ್ನು ತೀರ್ಮಾನಿಸಿದ್ದು ನೌಕಾಪಡೆಯ ಅವಸರ. 1944ರ ನವೆಂಬರಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎರಡನೆಯ ದಾರಿಗೆ ಅಪ್ಪಣೆ ಕೊಟ್ಟರು. ಆ ಮೇಲ್ಗಾಲುವೆಯ ಸ್ಯಾನ್ ಹಸಿಂಟೊ ಸುರಂಗದ ಬಾಯಿಂದ ಸ್ಯಾನ್ ವಿಸೆಂಟೆವರೆಗೆ 71 ಮೈಲಿ. ಅಷ್ಟೂ ದೂರ ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿವು.

ಕೆಲಸ ಶುರುವಾದ ವರ್ಷವೇ ಯುದ್ಧ ಮುಗಿಯಿತು. ಯೋಜನೆಯ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ಗಳಿಗೆ ಇದೇ. ಸೇನೆಯ ಅಗತ್ಯವೆಂಬ ಕಾರಣ ಬಿದ್ದುಹೋದಾಗ ನೌಕಾಪಡೆ ಕಾಮಗಾರಿ ಕೈಬಿಡಲು ಹೊರಟಿತು. ಬಂದ ಜನ ಮಾತ್ರ ಊರು ಬಿಟ್ಟು ಹೋಗಿರಲಿಲ್ಲ. ವೆಚ್ಚವನ್ನು ಕಂತಿನಲ್ಲಿ ತೀರಿಸುವುದಾಗಿ ನಗರವೇ ಒಪ್ಪಿ ಕೆಲಸ ಉಳಿಸಿಕೊಂಡಿತು. ಯುದ್ಧದ ತುರ್ತನ್ನು ನಾಗರಿಕರ ಸಾಲವಾಗಿ ಹೊತ್ತ ಈ ನಿರ್ಧಾರಕ್ಕೆ ರೂಸ್‌ವೆಲ್ಟ್ ಆಜ್ಞೆಗಿಂತ ಹೆಚ್ಚಿನ ತೂಕ ಸಲ್ಲಬೇಕು.

1947ರ ನವೆಂಬರಿನಲ್ಲಿ ಕೊಲರಾಡೊ ನೀರು ಸ್ಯಾನ್ ವಿಸೆಂಟೆಗೆ ಬಂದು ಬಿತ್ತು. ಏಳು ವರ್ಷಗಳಲ್ಲಿ ಅದೂ ಸಾಲದಾಗಿ, 1954ಕ್ಕೆ ಪಕ್ಕದಲ್ಲೇ ಇನ್ನೊಂದು ಕೊಳವೆ ಸಿದ್ಧವಾಯಿತು. ಅದಕ್ಕಾಗಿ ಹೊಸ ಸುರಂಗ ಕೊರೆಯಬೇಕಾಗಲಿಲ್ಲ. 1945ರ ಎಂಜಿನಿಯರುಗಳು ಸುರಂಗಗಳನ್ನು ಎರಡು ಕೊಳವೆಗಳ ನೀರು ಹಿಡಿಸುವಷ್ಟು ಅಗಲವಾಗಿಯೇ ಕೊರೆದಿಟ್ಟಿದ್ದರು.