ಕಂದಗಲ್ಲದಿಂದ ಸೂಳೇಭಾವಿಗೆ: ಕಂಪನಿ ನಾಟಕ ಮನೆಯೊಳಗೆ ಬಂದದ್ದು

ಕನ್ನಡ ಸಾಮಾಜಿಕ ನಾಟಕದ ಚರಿತ್ರೆ ಬರೆಯುವವರು ನಾಟಕಕಾರರಾದ ಕೈಲಾಸಂ, ಶ್ರೀರಂಗರನ್ನು ವಿಸ್ತಾರವಾಗಿ ಚರ್ಚಿಸಿ, ಊರೂರು ತಿರುಗಿ ನಾಟಕವಾಡುವ ವೃತ್ತಿ ಕಂಪನಿಗಳನ್ನು ನಾಲ್ಕು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಇದು ಸರಿಯಲ್ಲ. ಮದುವೆ, ಆಸ್ತಿ, ದುಡಿಮೆಯ ಪ್ರಶ್ನೆಗಳನ್ನು ಅಕ್ಷರ ಬಾರದವರ ಮುಂದೆಯೂ ತಂದಿಟ್ಟದ್ದು ಕಂಪನಿ ನಾಟಕವೇ. ಅದಕ್ಕೆ ಹಳೆಯ ಹುನಗುಂದ ತಾಲ್ಲೂಕಿನ ಎರಡು ಊರುಗಳೇ ಸಾಕ್ಷಿ. ಕಂದಗಲ್ಲದ ಹನುಮಂತರಾಯರು ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳಲ್ಲಿ ದಾಯಾದಿಗಳ ಹಗೆಯನ್ನು ಮಹಾಭಾರತದ ಮೂಲಕ ಹೇಳಿದರು. ಅವರಿಗಿಂತ ಒಂದು ತಲೆಮಾರು ಚಿಕ್ಕವರಾದ, ನೇಕಾರರ ಊರು ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಕಿರೀಟ, ಗದೆಗಳನ್ನು ಬದಿಗಿಟ್ಟು ಅದೇ ಜಗಳವನ್ನು ಮನೆಯ ಪಡಸಾಲೆಗೆ ತಂದರು. ಅವರ ‘ಸಂಪತ್ತಿಗೆ ಸವಾಲ್’ ಸಿರಿವಂತರ ಸೊಕ್ಕಿಗೆ ಬಡವನೊಬ್ಬ ಎದುರು ನಿಲ್ಲುವ ಕಥೆ. 1974ರಲ್ಲಿ ಅದು ಸಿನಿಮಾ ಆದಾಗ, ಎಮ್ಮೆಯ ಮೇಲೆ ಕೂತು ಹಾಡಿದ ರಾಜ್‌ಕುಮಾರ್ ನಾಡಿಗೆಲ್ಲ ನೆನಪುಳಿದರು. ನಾಟಕ ಬರೆದವರ ಹೆಸರು ಹಿಂದೆ ಸರಿಯಿತು.

ಈ ನಾಟಕಗಳಲ್ಲಿ ಅಬ್ಬರ ಹೆಚ್ಚು, ಕಣ್ಣೀರು ಹೆಚ್ಚು, ದ್ವಂದ್ವಾರ್ಥದ ಮಾತು ಬೇರೆ ಎಂಬ ಆಕ್ಷೇಪವಿದೆ. ದ್ವಂದ್ವಾರ್ಥವನ್ನು ನಾನು ಸಮರ್ಥಿಸಲಾರೆ. ಕಂಪನಿಗಳಿಗೆ ಅದರಿಂದ ಆದ ಕೇಡು ಸಣ್ಣದಲ್ಲ. ಅಬ್ಬರದ ಮಾತು ಬೇರೆ. ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕಗಳು ನಡೆಯುತ್ತವೆ. ತಗಡಿನ ಥೇಟರುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ, ಹೊರಗೆ ಜಾತ್ರೆಯ ಗದ್ದಲ, ಹಿಂದಿನ ಸಾಲಿನವರಿಗೂ ಮಾತು ಮುಟ್ಟಬೇಕು. ಅಲ್ಲಿ ಪಿಸುಮಾತಿನ ನಟನೆ ನಡೆಯದು. ಸುಗ್ಗಿ ಮುಗಿಸಿದ ರೈತ, ಮಗ್ಗ ನಿಲ್ಲಿಸಿ ಬಂದ ನೇಕಾರ ಕೈಯಿಂದ ದುಡ್ಡು ಕೊಟ್ಟು ಒಳಗೆ ಬರುತ್ತಾರೆ. ನಾಟಕ ಹಿಡಿಸದಿದ್ದರೆ ಮರುದಿನ ಪಕ್ಕದ ಕಂಪನಿಗೆ ಹೋಗುತ್ತಾರೆ. ಇಂಥ ಪರೀಕ್ಷೆಯಲ್ಲಿ ಹತ್ತಾರು ವರ್ಷ ಗೆದ್ದ ಕೃತಿಯನ್ನು ಬರೀ ಅಗ್ಗದ ಮನರಂಜನೆ ಎನ್ನುವುದು ಆ ಪ್ರೇಕ್ಷಕರ ಬುದ್ಧಿಯನ್ನೇ ಅಲ್ಲಗಳೆದಂತೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೊನೆಗೆ ಎಲ್ಲರೂ ರಾಜಿಯಾಗುತ್ತಾರೆ, ಹೆಣ್ಣು ತಗ್ಗಿ ನಡೆಯುತ್ತಾಳೆ, ಹಳೆಯ ಕಟ್ಟಳೆಯೇ ಗೆಲ್ಲುತ್ತದೆ. ಬಹಳಷ್ಟು ನಾಟಕಗಳ ಮಟ್ಟಿಗೆ ಇದು ನಿಜ. ಆದರೆ ಕೊನೆಯ ದೃಶ್ಯವೊಂದನ್ನೇ ಹಿಡಿದು ನಾಟಕವನ್ನು ಅಳೆಯಲಾಗದು. ಧುತ್ತರಗಿಯವರದೇ ‘ಮುದುಕನ ಮದುವೆ’ಯಂಥ ನಾಟಕದಲ್ಲಿ ಮುದಿ ವಯಸ್ಸಿನ ಮದುವೆಯ ಹಂಬಲವನ್ನು ಕಂಡು ಊರಿಗೆ ಊರೇ ಕೂಡಿ ನಕ್ಕಾಗ, ಮನೆಯ ಹಿರಿಯರೆದುರು ಬಾಯಿಬಿಟ್ಟು ಆಡಲಾಗದ ಮಾತನ್ನು ರಂಗದ ಮೇಲಿನವರು ಆಡಿ ಆಗಿರುತ್ತದೆ. ಶ್ರೀರಂಗರ ನಾಟಕಗಳು ಓದಿದವರ ಮನಸ್ಸನ್ನು ಕಲಕಿದವು. ಕಂಪನಿ ನಾಟಕಗಳು ತಲುಪಿದ ಜನ ಬೇರೆ. ಕಂಪನಿ ನಾಟಕಗಳ ಪ್ರತಿಗಳನ್ನು ಹುಡುಕಿ ಅಚ್ಚುಮಾಡಿ, ಕೈಲಾಸಂ, ಶ್ರೀರಂಗರ ಜೊತೆಗಿಟ್ಟು ಪಾಠ ಹೇಳುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಇನ್ನಾದರೂ ಕೈಗೆತ್ತಿಕೊಳ್ಳಬೇಕು.