ಧಾರ್ಮಿಕ ಆಚರಣೆ ಮತ್ತು ನೆಮ್ಮದಿ

ಪೂಜೆ, ಜಾತ್ರೆ, ಪ್ರಾರ್ಥನೆಗಳಲ್ಲಿ ಪಾಲ್ಗೊಳ್ಳುವುದಕ್ಕೂ ಜನ ತಮ್ಮ ಬದುಕಿನಲ್ಲಿ ಕಾಣುವ ಸಂತೋಷಕ್ಕೂ ಇರುವ ನಂಟು ಸಮಾಜಶಾಸ್ತ್ರದ ಹಳೆಯ ಪ್ರಶ್ನೆ. ಧರ್ಮ ಮನುಷ್ಯನನ್ನು ಕಾಯುವುದು ಬೋಧನೆಗಿಂತ ಹೆಚ್ಚಾಗಿ ಸಮುದಾಯದ ಬಿಗಿಯಿಂದ ಎಂದು ಎಮಿಲ್ ಡರ್ಕ್‌ಹೈಮ್ 1897ರಲ್ಲಿ, ಆತ್ಮಹತ್ಯೆ ಕುರಿತ ಗ್ರಂಥದಲ್ಲಿ ವಾದಿಸಿದ. ಲಿಮ್ ಮತ್ತು ಪುಟ್ನಮ್ 2010ರಲ್ಲಿ ಅಮೆರಿಕದ ಮಟ್ಟಿಗೆ ಕಂಡದ್ದೂ ಇದಕ್ಕೆ ಹತ್ತಿರ: ತೃಪ್ತಿಯ ಮೂಲ ಪ್ರಾರ್ಥನಾಮಂದಿರದಲ್ಲಿ ಬೆಳೆದ ಗೆಳೆತನ. ಡೀನರ್, ಟೇ, ಮೈಯರ್ಸ್ (2011) ಅವರ ಪ್ರಕಾರ ಬದುಕು ಕಷ್ಟವಿರುವ ದೇಶಗಳಲ್ಲಿ ಈ ನಂಟು ಗಟ್ಟಿ, ಅನುಕೂಲವಿರುವಲ್ಲಿ ಸಡಿಲ. ಆದರೆ ಆಚರಣೆಯಿಂದ ನೆಮ್ಮದಿಯೋ, ನೆಮ್ಮದಿ ಇದ್ದವರೇ ಹೆಚ್ಚು ಆಚರಿಸುವರೋ ಎಂಬುದು ಸಮೀಕ್ಷೆಗಳಿಂದ ಪೂರ್ತಿ ಇತ್ಯರ್ಥವಾಗುವಂಥದ್ದಲ್ಲ. ಬಾಗಲಕೋಟೆ ಜಿಲ್ಲೆಯ ಎರಡು ಆಚರಣೆಗಳು ಈ ನಂಟನ್ನು ಹತ್ತಿರದಿಂದ ತೋರಿಸುತ್ತವೆ.

ಬನಶಂಕರಿ ಜಾತ್ರೆ. ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರು. ಹಿಂದಿನ ದಿನ ಪಲ್ಯದ ಹಬ್ಬ. ದೇವಿಗೆ ಬಗೆಬಗೆಯ ಕಾಯಿಪಲ್ಯದ ನೈವೇದ್ಯ. ತೇರಿಗೆ ಉತ್ತತ್ತಿ, ಬಾಳೆಹಣ್ಣು ತೂರಿದವರು ಅಂದೇ ಮನೆಗೆ ಮರಳುವುದಿಲ್ಲ. ಗುಡಿಯ ಹೊಂಡದ ದಂಡೆಯಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ಮಾರುವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಡಿಗೆ ಮೊಸರು ಉಂಡು, ರಾತ್ರಿ ಕಂಪನಿ ನಾಟಕ ನೋಡುತ್ತಾರೆ. ವಾರಗಟ್ಟಲೆ ನಡೆಯುವ ಈ ಜಾತ್ರೆಯಲ್ಲಿ ಭಕ್ತಿ ಎಲ್ಲಿ ಮುಗಿದು ಬಳಗದ ಸಂತೋಷ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ದೇವಸ್ಥಾನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಕೇಳುವ ಪ್ರಶ್ನಾವಳಿಗೆ ಇದು ದಕ್ಕುವುದಿಲ್ಲ.

ಮಹಾಂತ ಜೋಳಿಗೆ. ಈ ವಿಷಯದಲ್ಲಿ ಜಿಲ್ಲೆಯ ಅತಿ ಮುಖ್ಯ ಉದಾಹರಣೆ ಇಳಕಲ್ಲಿನದು. ಹುನಗುಂದ ಸೀಮೆಯ ಈ ನೇಕಾರರ ಊರಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮೀಜಿ (1930–2018) 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಜೋಳವೋ ಕಾಸೋ ಬೀಳುವುದು ರೂಢಿ. ಅವರು ಬೇಡಿದ್ದು ಕುಡಿತ, ಬೀಡಿ, ತಂಬಾಕು, ಗುಟ್ಕಾ. ಬಿಡುತ್ತೇನೆಂದು ಒಪ್ಪಿದವನು ಚಟವನ್ನು ಜೋಳಿಗೆಗೆ ಹಾಕಿದಂತೆ. ಹೆಂಡತಿ, ಮಕ್ಕಳು, ಓಣಿಯ ಜನರ ಎದುರೇ ಆಣೆ ನಡೆಯುವುದರಿಂದ ಅದನ್ನು ಮುರಿಯುವುದೂ ಗುಟ್ಟಾಗಿ ಉಳಿಯದು. ಪದ್ಧತಿಯ ಬಲ ಇರುವುದು ಇಲ್ಲಿಯೇ. ಬಿಡುವ ಮನಸ್ಸು ಮೊದಲೇ ಇದ್ದವರು ಜೋಳಿಗೆಯ ಮುಂದೆ ಹೆಚ್ಚಾಗಿ ನಿಂತಿರಬಹುದು. ಹಾಗಿದ್ದರೂ ಭಕ್ತನಿಂದ ಕಾಣಿಕೆಯ ಬದಲು ಅವನ ಮನೆಯ ದುಃಖವನ್ನು ಕೇಳಿ ಪಡೆದ ಈ ಕ್ರಮ, ಅಮೆರಿಕದ ಅಧ್ಯಯನಗಳು ಹೇಳುವ ಗೆಳೆತನಕ್ಕಿಂತ ಬೇರೆಯ ದಾರಿ: ನೆಮ್ಮದಿ ಮೊದಲು ತಲುಪುವುದು ಚಟ ಬಿಟ್ಟವನ ಹೆಂಡತಿ ಮಕ್ಕಳಿಗೆ, ಕೂಲಿಯ ದುಡ್ಡು ಮನೆಗೆ ಬಂದ ಸಂಜೆ. ಸ್ವಾಮೀಜಿಯವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.