ಪಾಲಿನ ಹಣ, ಸಾಲದ ಹಣ: ನಮ್ಮೂರ ರೈಲು ಹೇಳುವ ಲೆಕ್ಕ

ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಚಹಾ ಬರುವುದಕ್ಕಿಂತ ಮೊದಲು ಒಂದು ಪ್ರಶ್ನೆ ಬಂದೇ ಬರುತ್ತದೆ. ಹಿರಿಯರೊಬ್ಬರು ಎದ್ದು ನಿಂತು, "ಠೇವಣಿ ಇಟ್ಟವರಿಗೆ ತಪ್ಪದೆ ಬಡ್ಡಿ ಕೊಡ್ತೀರಿ. ನಾವು ಷೇರು ಹಾಕಿ ಸಂಘ ಕಟ್ಟಿದವರು. ನಮಗೆ ಮಾತ್ರ ಲಾಭ ಬಂದ್ರೆ ಉಂಟು, ಬರದಿದ್ರೆ ಇಲ್ಲ. ಇದು ಯಾವ ನ್ಯಾಯ?" ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಸಭೆಯ ಗಡಿಬಿಡಿಯಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಡಲು ನಮ್ಮಿಂದ ಆಗಿಲ್ಲ. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಾದರೂ ಆ ಬಾಕಿ ತೀರಿಸೋಣ ಎಂದು ಈ ಲೇಖನ. ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕಾರವಾರ-ಅಂಕೋಲೆಯ ಚರಿತ್ರೆಯಲ್ಲಿಯೇ ಅದು ಸಿಗುತ್ತದೆ.

ಹತ್ತಿಯ ಕಂಪನಿ ಬಂದು ಹೋದ ಕಥೆ

ನಮ್ಮ ಕಡಲತೀರಕ್ಕೆ ಷೇರು ಕಂಪನಿ ಹೊಸದೇನಲ್ಲ. 1860ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವ್ಯಾಪಾರಿಗಳು ಷೇರು ಕೂಡಿಸಿ ಒಂದು ಹತ್ತಿ ಕಂಪನಿ ಕಟ್ಟಿದರು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡ-ಕಾರವಾರ ಬಂದರಿನಿಂದ ಹಡಗಿಗೆ ಹಾಕಬೇಕು ಎಂಬುದು ಅವರ ಯೋಜನೆ. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು, ಇಲ್ಲಿಯದಕ್ಕೆ ಬೆಲೆ ಏರಿತು. ಈ ಬಂದರಿನ ಆಸೆಯ ಕಾಲದಲ್ಲಿಯೇ, 1862ರಲ್ಲಿ, ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು.

ಆದರೆ ಯಂತ್ರಗಳು ಬಂದಾಗ ಅವನ್ನು ಇಳಿಸಲು ಸರಿಯಾದ ಧಕ್ಕೆ ಇರಲಿಲ್ಲ, ಘಟ್ಟದ ರಸ್ತೆಯೂ ಮುಗಿದಿರಲಿಲ್ಲ. ಹತ್ತಿ ಬೇಕು ಎಂದು ಕೂಗಿದ ಗಿರಣಿ ಮಾಲಿಕರೇ ಷೇರು ಹಾಕುವ ಹೊತ್ತಿಗೆ ಹಿಂದೆ ಸರಿದರು. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. 1880ರ ದಶಕದಲ್ಲಿ ಹುಬ್ಬಳ್ಳಿ ಕಡೆಯ ರೈಲು ಗೋವೆಯ ಮುರಗಾಂವ ಬಂದರಿಗೆ ಹೋಯಿತು. ಕಾರವಾರದ ಜನ ರೈಲು ನೋಡಲು ಮತ್ತೆ ನೂರು ವರ್ಷಕ್ಕೂ ಮೇಲೆ ಕಾಯಬೇಕಾಯಿತು.

ಖರ್ಚು ಮೊದಲು, ಆದಾಯ ಆಮೇಲೆ. ನಡುವಿನ ಆ ಬರಗಾಲವನ್ನು ಯಾರ ಹಣ ಹೊರುತ್ತದೆ? ಯಾವ ಉದ್ಯಮಕ್ಕೂ ಇದೇ ಮೊದಲ ಪ್ರಶ್ನೆ.

ಒಂದು ದೋಣಿಯ ಲೆಕ್ಕ

ಹಣ ಎರಡು ರೀತಿಯಲ್ಲಿ ಬರುತ್ತದೆ. ಪಾಲು ಹಾಕಿದವನು ಮಾಲಿಕ. ಲಾಭವೂ ಅವನದು, ನಷ್ಟವೂ ಅವನದು. ಸಾಲ ಕೊಟ್ಟವನು ಮಾಲಿಕನಲ್ಲ. ಅವನಿಗೆ ಹೇಳಿದ ದಿನಕ್ಕೆ ಬಡ್ಡಿ, ಹೇಳಿದ ದಿನಕ್ಕೆ ಅಸಲು ಕೊಡಲೇಬೇಕು.

ಬೈತಖೋಲದಲ್ಲಿ ಅಣ್ಣತಮ್ಮಂದಿರು ಹತ್ತು ಲಕ್ಷದ ಬೋಟು ತೆಗೆದುಕೊಂಡರು ಎಂದು ಲೆಕ್ಕಕ್ಕೆ ಹಿಡಿಯೋಣ. ಮೂರು ಲಕ್ಷ ಸ್ವಂತದ್ದು, ಏಳು ಲಕ್ಷ ನೂರಕ್ಕೆ 12ರ ಬಡ್ಡಿಯ ಸಾಲ. ವರ್ಷದ ಬಡ್ಡಿ 84,000 ರೂಪಾಯಿ. ಡೀಸೆಲ್, ಬರ್ಫ, ಆಳುಗಳ ಪಾಲು ಎಲ್ಲ ಕಳೆದು ಎರಡು ಲಕ್ಷ ಉಳಿದರೆ ಬಡ್ಡಿ ಕೊಟ್ಟು ಅವರ ಕೈಯಲ್ಲಿ 1,16,000. ಮೂರು ಲಕ್ಷ ಹಾಕಿದ್ದಕ್ಕೆ ನೂರಕ್ಕೆ 38ಕ್ಕೂ ಮೇಲೆ! ಪೂರಾ ಹತ್ತು ಲಕ್ಷ ಸ್ವಂತದ್ದೇ ಹಾಕಿದ್ದರೆ ನೂರಕ್ಕೆ 20 ಮಾತ್ರ ಆಗುತ್ತಿತ್ತು. ಸಾಲದ ಸಿಹಿ ಇದು.

ಮರುವರ್ಷ ಮೀನು ಬರಲಿಲ್ಲ, ಉಳಿದದ್ದು 50,000 ಅಷ್ಟೇ. ಬಡ್ಡಿ ಮಾತ್ರ ಅದೇ 84,000. ಅಣ್ಣತಮ್ಮಂದಿರು 34,000 ಕೈಯಿಂದ ತುಂಬಬೇಕು. ಸ್ವಂತ ಹಣದ ಬೋಟಾಗಿದ್ದರೆ ಲಾಭ ಕಡಿಮೆ ಆಗುತ್ತಿತ್ತು, ಆದರೆ ಬೋಟು ಹರಾಜಿಗೆ ಬರುತ್ತಿರಲಿಲ್ಲ. ಮೀನು ಸಿಗಲಿ ಬಿಡಲಿ, ಬಡ್ಡಿ ಕಡಲು ನೋಡಿ ಬರುವುದಿಲ್ಲ. ಆದ್ದರಿಂದ ಬೆಳೆಯುವ ಸಂಸ್ಥೆಗೆ ಎರಡೂ ಬೇಕು, ಆದರೆ ಅಳತೆ ತಪ್ಪಬಾರದು.

ಕೊಂಕಣ ರೈಲಿಗೆ ಹಣ ಎಲ್ಲಿಂದ ಬಂತು?

ಈ ಅಳತೆಯ ದೊಡ್ಡ ಉದಾಹರಣೆ ನಮ್ಮ ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ ಸ್ಟೇಶನ್ನುಗಳ ಮೇಲಿಂದಲೇ ದಿನವೂ ಓಡಾಡುತ್ತಿದೆ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಹಳಿ ಹಾಕಲು ರೈಲ್ವೆ ಬಜೆಟ್ಟಿನಲ್ಲಿ ಹಣ ಸಾಲದು. ವರ್ಷಕ್ಕೆ ಇಷ್ಟಿಷ್ಟು ಎಂದು ಕೊಡುತ್ತ ಹೋದರೆ ಯಾವ ಕಾಲಕ್ಕೆ ಮುಗಿದೀತು? ಆಗ ರೈಲ್ವೆ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್, ಹಣಕಾಸು ಸಚಿವರಾಗಿದ್ದ ಮಧು ದಂಡವತೆ ಇಬ್ಬರೂ ಈ ಕರಾವಳಿಯ ನಂಟಿನವರು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಎಂಬ ಪ್ರತ್ಯೇಕ ಕಂಪನಿ ಹುಟ್ಟಿತು. ಇ. ಶ್ರೀಧರನ್ ಅದರ ಚುಕ್ಕಾಣಿ ಹಿಡಿದರು.

ಕಂಪನಿಯ ಪಾಲು ಹೀಗೆ ಹಂಚಿಕೆಯಾಯಿತು: ರೈಲ್ವೆ ಇಲಾಖೆ ನೂರಕ್ಕೆ 51, ಮಹಾರಾಷ್ಟ್ರ 22, ನಮ್ಮ ಕರ್ನಾಟಕ 15, ಗೋವಾ 6, ಕೇರಳ 6. ಹೀಗೆ ಕೂಡಿದ ಪಾಲು ಬಂಡವಾಳ ಸುಮಾರು 800 ಕೋಟಿ ರೂಪಾಯಿ. ಮಾರ್ಗ ಮುಗಿಯುವ ಹೊತ್ತಿಗೆ ತಗಲಿದ ವೆಚ್ಚ ಸುಮಾರು ಮೂರೂವರೆ ಸಾವಿರ ಕೋಟಿ. ಅಂದರೆ ಸ್ವಂತ ಹಣ ಕಾಲುಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಬಾಂಡುಗಳನ್ನು ಮಾರಿ ಎತ್ತಿದ ಸಾಲ. ಬಡ್ಡಿಗೆ ಆದಾಯ ತೆರಿಗೆ ಇಲ್ಲದ ಬಾಂಡುಗಳೂ ಅದರಲ್ಲಿ ಇದ್ದವು. ಬಾಂಡು ಎಂದರೆ ನಮ್ಮ ಠೇವಣಿ ರಸೀದಿಯ ಅಣ್ಣ ಎನ್ನಿ. ಹಣ ಕೊಟ್ಟವನಿಗೆ ಕಂಪನಿಯಲ್ಲಿ ಮತವಿಲ್ಲ, ಆದರೆ ಬಡ್ಡಿ ತಪ್ಪುವಂತಿಲ್ಲ.

ಈ ಸಾಲ ಇಲ್ಲದಿದ್ದರೆ ರೈಲು ಇಲ್ಲ, ಇದನ್ನು ಒಪ್ಪಲೇಬೇಕು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿ.ಮೀ. ಮೀರಿದ ಸೇತುವೆ, ಕಾರವಾರದಲ್ಲಿ ಸುಮಾರು ಮೂರು ಕಿ.ಮೀ. ಸುರಂಗ, ಇಡೀ ಮಾರ್ಗದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗ. ಇಷ್ಟನ್ನು ಏಳೆಂಟು ವರ್ಷದಲ್ಲಿ ಮುಗಿಸಿದ್ದು ಸಣ್ಣ ಸಾಧನೆಯಲ್ಲ. 1993ರಲ್ಲಿ ಮಂಗಳೂರು-ಉಡುಪಿ ನಡುವೆ ಗಾಡಿ ಓಡಿತು, 1998ರ ಜನವರಿ 26ರಂದು ಪೂರ್ತಿ ಮಾರ್ಗದಲ್ಲಿ ಗಾಡಿ ಓಡಾಟ ಶುರುವಾಯಿತು.

ಆದರೆ ನಡುವೆ ಗೋವೆಯಲ್ಲಿ ಮಾರ್ಗ ಬದಲಿಸಿ ಎಂಬ ಚಳವಳಿಯಿಂದ ಕೆಲಸ ನಿಂತಿತು. ಪೆಡ್ನೆಯ ಸುರಂಗದಲ್ಲಿ ಮೆತ್ತನೆಯ ಮಣ್ಣು ಕುಸಿಯುತ್ತ ವರ್ಷಗಳನ್ನು ತಿಂದಿತು. ಕೆಲಸ ನಿಂತರೂ ಬಾಂಡಿನ ಬಡ್ಡಿ ನಿಲ್ಲಲಿಲ್ಲ. ರೈಲು ಓಡುವ ಮೊದಲೇ ಬಡ್ಡಿ ಓಡಿತ್ತು.

ಸಾಲ ತೀರಿದ್ದು ಹೇಗೆ?

ಮಾರ್ಗ ತೆರೆದ ಮೇಲೆ ಆದಾಯ ಶುರುವಾಯಿತು, ಆದರೆ ಬಡ್ಡಿಯ ಹೊರೆಗೆ ಅದು ಸಾಲಲಿಲ್ಲ. ಟಿಕೆಟ್ ದರಕ್ಕೆ ನಿಜವಾದ ದೂರದ ಮೇಲೆ ನೂರಕ್ಕೆ 40 ಹೆಚ್ಚು ದೂರ ಹಿಡಿದು ಲೆಕ್ಕ ಹಾಕುವ ಪದ್ಧತಿ ಬಂತು. ಅಂದರೆ ಅಂಕೋಲೆಯಿಂದ ಮುಂಬಯಿಗೆ ಹೋದ ನಮ್ಮ ಹುಡುಗರೂ ಆ ಸಾಲಕ್ಕೆ ತಮ್ಮ ಕಿಸೆಯಿಂದ ಕೊಟ್ಟಿದ್ದಾರೆ. 1999ರಲ್ಲಿ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಸಾಗಿಸುವ ಹೊಸ ಸೇವೆಯೂ ಶುರುವಾಯಿತು. ಆದರೂ ಬಾಂಡುಗಳ ಅವಧಿ ಮುಗಿದಾಗ ಅಸಲು ತೀರಿಸಲು ಕೇಂದ್ರ ಸರಕಾರವೇ ಕಂಪನಿಗೆ ಸಾಲ ಕೊಡಬೇಕಾಯಿತು. ಕೊನೆಗೆ 2008-09ರ ಸುಮಾರಿಗೆ ಆ ಸರಕಾರಿ ಸಾಲ, ಸುಮಾರು 4,000 ಕೋಟಿ, ಪ್ರಾಶಸ್ತ್ಯ ಷೇರುಗಳಾಗಿ ಬದಲಾಯಿತು. ಸಾಲವೆಂದರೆ ಲಾಭವಿರಲಿ ಇಲ್ಲದಿರಲಿ ಬಡ್ಡಿ. ಈ ಷೇರಾದರೆ ಲಾಭ ಬಂದಾಗ ಮಾತ್ರ ಲಾಭಾಂಶ. ಹೊರೆ ಹೊತ್ತು ಕುಗ್ಗಿದ ಎತ್ತಿನ ಬೆನ್ನಿನಿಂದ ಮೂಟೆ ಇಳಿಸಿದ ಹಾಗಾಯಿತು. ಸಾಲದಿಂದ ಕಟ್ಟಿದ ಸಂಸ್ಥೆಯನ್ನು ಕೊನೆಗೆ ಉಳಿಸಿದ್ದು ಪಾಲು ಬಂಡವಾಳ.

ಇನ್ನು ನಮ್ಮ ಸಂಘದ ಮಾತು

ಸಹಕಾರಕ್ಕೂ ಇದೇ ಲೆಕ್ಕ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ ದಿನದಿಂದಲೂ ಹಳ್ಳಿಯ ಸಂಘಗಳ ಬುನಾದಿ ಸದಸ್ಯರ ಷೇರು. ದೊಡ್ಡ ಕಂಪನಿಯಲ್ಲಿ ಷೇರು ಹೆಚ್ಚಿದ್ದವನಿಗೆ ಮತ ಹೆಚ್ಚು. ನಮ್ಮಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಅಷ್ಟೇ ವ್ಯತ್ಯಾಸ.

ನಮ್ಮ ಸಂಘ ಹುಟ್ಟಿದಾಗ ರೈಲು ಬಂದು ಬಹಳ ದಿನ ಆಗಿರಲಿಲ್ಲ. ಸೀಬರ್ಡಿಗೆ, ರೈಲಿಗೆ ಗದ್ದೆ-ಹಿತ್ತಲು ಬಿಟ್ಟುಕೊಟ್ಟ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಅಂಥವರ ಪರಿಹಾರದ ಹಣ, ನಿವೃತ್ತ ಮಾಸ್ತರರ ಗಂಟು, ಮೀನು ಮಾರುವ ಅಕ್ಕಂದಿರ ದಿನದ ಉಳಿತಾಯ, ಇವು ಠೇವಣಿ. ಈ ಠೇವಣಿ ಸಂಘದ ಆಸ್ತಿಯಲ್ಲ, ಸಂಘದ ಸಾಲ. ಬ್ಯಾಂಕಿನ ಠೇವಣಿಗೆ 2020ರಿಂದ ಐದು ಲಕ್ಷದವರೆಗೆ ವಿಮೆ ಇದೆ. ನಮ್ಮಂಥ ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇದನ್ನು ಬೆಳ್ಳಿಹಬ್ಬದ ಸಂತೋಷದಲ್ಲಿ ಮುಚ್ಚಿಡುವುದು ಸರಿಯಲ್ಲ. ನಾಳೆ ಸಾಲಗಾರರು ಕಂತು ತಪ್ಪಿಸಿದರೆ ಕೊಂಕಣ ರೈಲಿಗೆ ಬಂದ ಹಾಗೆ ನಮ್ಮ ಬೆನ್ನಿನ ಮೂಟೆ ಇಳಿಸಲು ದಿಲ್ಲಿಯಿಂದ ಯಾರೂ ಬರುವುದಿಲ್ಲ.

ಹಾಗಾದರೆ ಆ ಠೇವಣಿಯ ಕಾವಲು ಯಾರು? ಒಂದು, ನಿಮ್ಮ ಷೇರು. ಎರಡು, ಪ್ರತಿ ವರ್ಷ ನಿವ್ವಳ ಲಾಭದ ಕನಿಷ್ಠ ನಾಲ್ಕನೇ ಒಂದು ಪಾಲನ್ನು ಕಾನೂನಿನಂತೆ ತೆಗೆದಿಡುವ ಮೀಸಲು ನಿಧಿ. ಹಳೆಯ ಸಾಲ ಮುಳುಗಿದರೆ ಮೊದಲ ಏಟು ತಿನ್ನುವುದು ಇವೆರಡು. ಗಜನಿ ಕಟ್ಟೆಯ ಹಾಗೆ. ಕಟ್ಟೆಯ ಮೇಲೆ ಭತ್ತ ಬೆಳೆಯುವುದಿಲ್ಲ, ಆದರೆ ಕಟ್ಟೆ ಒಡೆದರೆ ಉಪ್ಪುನೀರು ನುಗ್ಗಿ ಒಳಗಿನ ಭತ್ತವೂ ಉಳಿಯುವುದಿಲ್ಲ.

ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇದೇ. ಷೇರಿನ ಹಣಕ್ಕೆ ಖಾತ್ರಿ ಬಡ್ಡಿ ಇಲ್ಲ, ಯಾಕೆಂದರೆ ನೀವು ಸಂಘಕ್ಕೆ ಸಾಲ ಕೊಟ್ಟವರಲ್ಲ, ಸಂಘದ ಯಜಮಾನರು. ಬರಗಾಲದಲ್ಲಿ ಯಜಮಾನ ಕೊನೆಗೆ ಉಣ್ಣುತ್ತಾನೆ. ಅವನು ತಾಳಿಕೊಂಡದ್ದರಿಂದಲೇ ಮನೆ ನಿಲ್ಲುತ್ತದೆ. ಲಾಭ ಬಂದ ವರ್ಷ ಲಾಭಾಂಶ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. ಅದರ ಜೊತೆಗೆ ಸುಸ್ತಿ ಎಷ್ಟು, ಮೀಸಲು ನಿಧಿ ಎಷ್ಟು, ಠೇವಣಿಗೆ ಸರಿಯಾಗಿ ಷೇರು ಬೆಳೆದಿದೆಯೋ ಇಲ್ಲವೋ ಎಂದೂ ಎದ್ದು ನಿಂತು ಕೇಳಿ. ಈ ವರ್ಷದ ಸಭೆಯಲ್ಲಿ ಚಹಾ ಸ್ವಲ್ಪ ತಡವಾದರೂ ಅಡ್ಡಿಯಿಲ್ಲ.